ಕ್ಲಿಯರಿಂಗ್‌ನಲ್ಲಿ ಒಳ್ಳೆಯ ಸೀಟು ಸಿಗುತ್ತದಾ?

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿದ್ದೇವೆ. ಮಗಳಿಗೆ ಎ ಲೆವೆಲ್‌ನಲ್ಲಿ (ನಮ್ಮ ಪಿಯುಸಿಯಂಥ ಪರೀಕ್ಷೆ) ಅಂದುಕೊಂಡಷ್ಟು ಗ್ರೇಡ್ ಬರಲಿಲ್ಲ, ಆರಿಸಿಕೊಂಡಿದ್ದ ಎರಡೂ ಯೂನಿವರ್ಸಿಟಿ ಕೈಬಿಟ್ಟವು. ಒಂದು ವರ್ಷ ಹಾಳಾಯಿತಾ?

ಉತ್ತರ: ಖಂಡಿತ ಇಲ್ಲ. ಕ್ಲಿಯರಿಂಗ್ ಅಂದರೆ ಯೂನಿವರ್ಸಿಟಿಗಳಲ್ಲಿ ಉಳಿದ ಸೀಟುಗಳನ್ನು ತುಂಬುವ ವ್ಯವಸ್ಥೆ. ಅದು ಇರುವುದೇ ಇಂಥವರಿಗಾಗಿ, ಜುಲೈನಿಂದ ಅಕ್ಟೋಬರ್‌ವರೆಗೂ ನಡೆಯುತ್ತದೆ. ಆದರೆ ರಿಸಲ್ಟ್ ಬಂದ ಮೊದಲ ದಿನಗಳಲ್ಲೇ ಬೇಡಿಕೆಯ ಕೋರ್ಸ್‌ಗಳು ತುಂಬಿಬಿಡುತ್ತವೆ, ಹಾಗಾಗಿ ಅಳುತ್ತಾ ಕೂರಲು ಬಿಡಬೇಡಿ.

ಯುಕಾಸ್ (ಯೂನಿವರ್ಸಿಟಿ ಪ್ರವೇಶದ ಅರ್ಜಿಗಳನ್ನು ನೋಡಿಕೊಳ್ಳುವ ಸಂಸ್ಥೆ) ವೆಬ್‌ಸೈಟಿನಲ್ಲಿ ಖಾಲಿ ಸೀಟುಗಳ ಪಟ್ಟಿ ನೋಡಿ ಯೂನಿವರ್ಸಿಟಿಗೆ ನೇರವಾಗಿ ಫೋನ್ ಮಾಡಬೇಕು. ಮಗಳೇ ಮಾಡಬೇಕು, ನೀವಲ್ಲ! ಅವರಿಗೆ ವಿದ್ಯಾರ್ಥಿಯ ಮಾತೇ ಬೇಕು. ಕ್ಲಿಯರಿಂಗ್ ನಂಬರ್, ಯುಕಾಸ್ ಐಡಿ, ಜಿಸಿಎಸ್‌ಇ (ನಮ್ಮ ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆ) ಗ್ರೇಡ್‌ಗಳು ಕೈಯಲ್ಲಿರಲಿ, ಈ ಕೋರ್ಸೇ ಯಾಕೆ ಅಂತ ಕೇಳಿದರೆ ಎರಡು ಮಾತು ಹೇಳಲು ಬರಬೇಕು, ಅಲ್ವಾ?

ಬಾಯಿಮಾತಿನ ಆಫರ್ ಒಂದಕ್ಕಿಂತ ಜಾಸ್ತಿ ಪಡೆಯಬಹುದು. ಯುಕಾಸ್‌ನಲ್ಲಿ ಮಾತ್ರ ಒಂದು ಸಲಕ್ಕೆ ಒಂದೇ ಕೋರ್ಸ್ ಸೇರಿಸಲು ಸಾಧ್ಯ, ಅದೂ ಯೂನಿವರ್ಸಿಟಿ ಹ್ಞೂಂ ಅಂದ ಮೇಲೆ. ಆಫರ್ ಎಷ್ಟು ಹೊತ್ತು ಇರುತ್ತದೆ, ಹಾಸ್ಟೆಲ್ ಉಳಿದಿದೆಯಾ ಅಂತ ಆಗಲೇ ಕೇಳಿಕೊಳ್ಳಲಿ.

ಸೀಟು ಸಿಕ್ಕಿತು ಅಂತ ಸುಮ್ನೆ ಇಷ್ಟವಿಲ್ಲದ ಕೋರ್ಸ್‌ಗೆ ಸೇರಿಸಬೇಡಿ. ಮೂರು ವರ್ಷ ಅದನ್ನು ಓದಬೇಕಾದವಳು ಅವಳು. ಅವಳಿಗೆ ಒಪ್ಪುವುದು ಸಿಗದಿದ್ದರೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು.