ಗಡಿಯಾರವೋ, ಎದುರಾಳಿಯೋ?

ಪತ್ರ: 2012ರ ಲಂಡನ್ ಒಲಿಂಪಿಕ್ಸ್‌ನ 5000 ಮೀಟರ್ ಓಟವನ್ನು ಶಾಲೆಯ ಮಕ್ಕಳಿಗೆ ತೋರಿಸಿದೆ. ಚಿನ್ನ ಗೆದ್ದ ಮೊ ಫರಾ ತೆಗೆದುಕೊಂಡದ್ದು 13 ನಿಮಿಷ 41 ಸೆಕೆಂಡು. ಆಗಿನ ವಿಶ್ವದಾಖಲೆ 12 ನಿಮಿಷ 37 ಸೆಕೆಂಡು. ಇಂಥವರಿಗೆ ದಾಖಲೆಯ ಹಂಬಲವೇ ಇಲ್ಲವೇ?
– ದೈಹಿಕ ಶಿಕ್ಷಕರು, ಜಮಖಂಡಿ

ಗುರುಗಳೇ, ತೆರಬಂಡಿ ಸ್ಪರ್ಧೆ ನಿಮಗೆ ಹೊಸದಲ್ಲ. ಒಂದೊಂದೇ ಜೋಡಿ ಎತ್ತು ಬರುತ್ತದೆ, ಗೊತ್ತುಪಡಿಸಿದ ಹೊತ್ತಿನಲ್ಲಿ ಎಷ್ಟು ದೂರ ಎಳೆಯಿತು ಎಂಬುದಷ್ಟೇ ಲೆಕ್ಕ. ನಮ್ಮ ಬೆಳಗಾವಿಯ ಆನಂದವಾಡಿ ಅಖಾಡದ ನಿಕಾಲಿ ಕುಸ್ತಿಗೆ, ಅಂದರೆ ಒಬ್ಬ ಚಿತ್ ಆಗುವವರೆಗೂ ನಡೆಯುವ ಕುಸ್ತಿಗೆ, ಆ ಲೆಕ್ಕ ನಡೆಯುವುದಿಲ್ಲ. ಎದುರಾಳಿಯನ್ನು ಚಿತ್ ಮಾಡಿದ ಪೈಲ್ವಾನನಿಗೆ 'ಯಾಕಪ್ಪಾ ಇಷ್ಟು ತಡ?' ಎಂದು ಯಾರೂ ಕೇಳುವುದಿಲ್ಲ. ದಾಖಲೆಯ ಓಟ ತೆರಬಂಡಿ; ಒಲಿಂಪಿಕ್ಸ್ ಫೈನಲ್ ಕುಸ್ತಿ.

ದಾಖಲೆಗೆ ತಂಪು ಸಂಜೆ ಬೇಕು, ಮೊದಲ ಸುತ್ತುಗಳಲ್ಲಿ ವೇಗ ಹಿಡಿದುಕೊಡಲು ಹಣ ಕೊಟ್ಟು ಕರೆಸಿದ ಓಟಗಾರರು ಬೇಕು. ಈಚೆಗಂತೂ ಟ್ರ್ಯಾಕಿನ ಅಂಚಿನಲ್ಲಿ ದಾಖಲೆಯ ವೇಗ ತೋರಿಸುವ ದೀಪಗಳೇ ಮುಂದೆ ಮುಂದೆ ಓಡುತ್ತವೆ. ಫೈನಲ್‌ನಲ್ಲಿ ಮುಂದೆ ನುಗ್ಗಿದವನು ಗಾಳಿ ಸೀಳಿ ದಣಿಯುತ್ತಾನೆ, ಹಿಂದಿನವರು ಅವನ ಮರೆಯಲ್ಲಿ ದಮ್ಮು ಉಳಿಸಿಕೊಳ್ಳುತ್ತಾರೆ. ಆದ್ದರಿಂದ ಎಲ್ಲರೂ ಕಾಯುತ್ತಾರೆ. ಲಂಡನ್‌ನಲ್ಲಿ ಫರಾ ಕೊನೆಯ ಸುತ್ತನ್ನು ಸುಮಾರು 53 ಸೆಕೆಂಡಿನಲ್ಲಿ ಓಡಿದ. ನಿಮ್ಮ ಶಾಲೆಯ ಅತಿ ಚುರುಕು ಹುಡುಗನನ್ನು ಬರೀ 400 ಮೀಟರ್ ಆ ವೇಗದಲ್ಲಿ ಓಡಿಸಿ ನೋಡಿ. ಆಮೇಲೆ 'ನಿಧಾನ' ಎನ್ನಿ!

ನೀವು ಹೇಳಿದ 12:37ರ ದಾಖಲೆ ಇಥಿಯೋಪಿಯಾದ ಬೆಕೆಲೆಯದು, 2004ರ ಮೇ ತಿಂಗಳಿನದು. ಅದೇ ಆಗಸ್ಟ್‌ನಲ್ಲಿ ಅಥೆನ್ಸ್ ಫೈನಲ್‌ನಲ್ಲಿ ಮೊರೊಕ್ಕೊದ ಎಲ್ ಗೆರೂಜ್ ಅವನನ್ನು ಸೋಲಿಸಿದ. ಗೆದ್ದ ಸಮಯ 13:14. ದಾಖಲೆಯ ಕಾಲುಗಳು ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಈ ಸಂಕಟವನ್ನು ಪೂರ್ತಿ ಉಂಡವನು ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್. ಹದಿನೈದಕ್ಕೂ ಹೆಚ್ಚು ವಿಶ್ವದಾಖಲೆ. 1965ರಲ್ಲಿ ಆಸ್ಲೊದಲ್ಲಿ 10,000 ಮೀಟರನ್ನು 28 ನಿಮಿಷದೊಳಗೆ ಮುಗಿಸಿದ ಮೊದಲಿಗ. ಒಲಿಂಪಿಕ್ಸ್‌ನಲ್ಲಿ ಸಿಕ್ಕಿದ್ದು 1964ರ ಒಂದು ಕಂಚು. 1966ರಲ್ಲಿ ಅವನು ಪ್ರಾಗ್‌ಗೆ ಹೋದಾಗ, ಬೀಳ್ಕೊಡಲು ಬಂದ ಅಲ್ಲಿನ ಹಳೆಯ ಓಟಗಾರ ಎಮಿಲ್ ಝಾಟೊಪೆಕ್ ಕೈಗೊಂದು ಚಿಕ್ಕ ಪೊಟ್ಟಣ ತುರುಕಿದ. ಯಾರಿಗಾದರೂ ಗುಟ್ಟಾಗಿ ತಲುಪಿಸಬೇಕಾದ ವಸ್ತುವೇನೋ ಎಂದು ಕ್ಲಾರ್ಕ್ ಅಂದುಕೊಂಡಿದ್ದ. ಬಿಚ್ಚಿ ನೋಡಿದರೆ ಝಾಟೊಪೆಕ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಗೆದ್ದಿದ್ದ 10,000 ಮೀಟರ್ ಚಿನ್ನದ ಪದಕ. ಆ ದೂರದಲ್ಲಿ ಝಾಟೊಪೆಕ್ ಬರೆದಿದ್ದ ದಾಖಲೆಗಳೆಲ್ಲ ಅಷ್ಟರಲ್ಲಿ ಅಳಿಸಿಹೋಗಿದ್ದವು; ಆಗಿನ ದಾಖಲೆ ಇದ್ದದ್ದು ಕ್ಲಾರ್ಕ್ ಹೆಸರಿನಲ್ಲೇ.