ದೂರದಿಂದ ಲಾಗಿನ್: ಯಾರಿಗೆ ಅವಕಾಶ?

ಪ್ರಶ್ನೆ: ನಮ್ಮ ಅಕ್ಕಿ ಗಿರಣಿಯ ಲೆಕ್ಕಪತ್ರಗಳಿರುವ ಲಿನಕ್ಸ್ ಸರ್ವರ್‌ನಲ್ಲಿ 9 ಜನರ ಖಾತೆಗಳಿವೆ. ಇಬ್ಬರಿಗೆ ಮಾತ್ರ ಹೊರಗಿನಿಂದ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮೂಲಕ ಲಾಗಿನ್ ಆಗಲು ಅವಕಾಶ ಕೊಡುವುದು ಹೇಗೆ?
– ಓದುಗರೊಬ್ಬರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಬೇಡದವರನ್ನು ‘ಡಿನೈಯೂಸರ್ಸ್’ ಸೂಚನೆಯಲ್ಲಿ ಒಬ್ಬೊಬ್ಬರಾಗಿ ತಡೆಯುವುದಕ್ಕಿಂತ ಬೇಕಾದವರನ್ನಷ್ಟೇ ಹೆಸರಿಸುವುದು ಮೇಲು, ಏಕೆಂದರೆ ಭತ್ತದ ಸುಗ್ಗಿಯಲ್ಲಿ ತಾತ್ಕಾಲಿಕ ಗುಮಾಸ್ತರಿಗೆಂದು ತೆರೆದ ಖಾತೆಯನ್ನು ಆ ಪಟ್ಟಿಗೆ ಸೇರಿಸಲು ಮರೆತರೆ, ಅದು ಹೊರಗಿನವರಿಗೂ ತೆರೆದ ಬಾಗಿಲಾಗಿಯೇ ಉಳಿಯುತ್ತದೆ. ಆದ್ದರಿಂದ ಹೊಸದೊಂದು ಗ್ರೂಪ್ ರಚಿಸಿ, ಆ ಇಬ್ಬರನ್ನು ಅದಕ್ಕೆ ಸೇರಿಸಿ, ಎಸ್‌ಎಸ್‌ಎಚ್ ಸೇವೆಯ ಸೆಟ್ಟಿಂಗ್‌ಗಳಿರುವ ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಕಡತದಲ್ಲಿ ‘ಅಲೋಗ್ರೂಪ್ಸ್’ ಎಂಬುದರ ಮುಂದೆ ಗ್ರೂಪಿನ ಹೆಸರನ್ನು ಬರೆಯಿರಿ. ಅದೇ ಕಡತದಲ್ಲಿ ಅವಕಾಶವಿರುವ ಬಳಕೆದಾರರನ್ನು ಹೆಸರಿಸುವ ‘ಅಲೋಯೂಸರ್ಸ್’ ಕೂಡ ಇದ್ದರೆ ಬಳಕೆದಾರರು ಎರಡೂ ಪಟ್ಟಿಗಳಿಗೆ ಹೊಂದಬೇಕಾಗುತ್ತದೆ. ಹಲವರು ಎಡವುವುದು ಇಲ್ಲಿಯೇ. ಸರ್ವರ್‌ನ ಮುಖ್ಯ ಆಡಳಿತ ಖಾತೆಯಾದ ‘ರೂಟ್’ ಹೆಸರಿನಲ್ಲಿ ಯಾರೂ ಎಸ್‌ಎಸ್‌ಎಚ್ ಮೂಲಕ ಬರದಂತೆ ‘ಪರ್ಮಿಟ್‌ರೂಟ್‌ಲಾಗಿನ್’ ಎಂಬುದಕ್ಕೆ ‘ನೋ’ ಎಂದು ಕೊಡಿ.

ಈ ಕೆಲಸ ಮಾಡುವಾಗ ಈಗಾಗಲೇ ತೆರೆದಿರುವ ಲಾಗಿನ್ ಅನ್ನು ದಯವಿಟ್ಟು ಮುಚ್ಚಬೇಡಿ. ‘ಎಸ್‌ಎಸ್‌ಎಚ್‌ಡಿ’ ಆಜ್ಞೆಯನ್ನು ‘-ಟಿ’ ಆಯ್ಕೆಯೊಂದಿಗೆ ಕೊಟ್ಟರೆ ಕಡತದ ಬರವಣಿಗೆ ಸರಿಯಿದೆಯೇ ಎಂದು ತಿಳಿಯುತ್ತದೆಯಾದರೂ, ಗ್ರೂಪಿನ ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೆ ಅದು ಹೇಳುವುದಿಲ್ಲ. ಸೇವೆಯನ್ನು ರೀಲೋಡ್ ಮಾಡಿದ ಮೇಲೆ ಇನ್ನೊಂದು ಕಿಟಕಿಯಿಂದ ಇಬ್ಬರ ಹೆಸರಿನಲ್ಲೂ, ಹಾಗೆಯೇ ಅವಕಾಶವಿಲ್ಲದ ಒಬ್ಬರ ಹೆಸರಿನಲ್ಲೂ ಲಾಗಿನ್ ಆಗಿ ನೋಡಿ. ಈ ನಿರ್ಬಂಧ ಎಸ್‌ಎಸ್‌ಎಚ್‌ಗೆ ಮಾತ್ರ ಅನ್ವಯಿಸುವುದರಿಂದ, ಉಳಿದ ಏಳು ಜನ ಗಿರಣಿಯಲ್ಲಿ ಸರ್ವರ್ ಮುಂದೆಯೇ ಕುಳಿತು ಎಂದಿನಂತೆ ಲಾಗಿನ್ ಆಗಬಹುದು.