‘ಜಾಸ್ತಿ’ ಅಂದ್ರೆ ಎಷ್ಟು ಜಾಸ್ತಿ?

ನಮಸ್ಕಾರ.

ನಿಮ್ಮ ‘ಬೆಕ್ಕಿನ ಕಣ್ಣಿನ ಶಾಪ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನೀವು ಹೇಳುವುದು ಇಷ್ಟು: ನೀಲಿ ಕಣ್ಣಿನವರಿಗೆ ಕಣ್ಣಿನ ಕ್ಯಾನ್ಸರ್ ಜಾಸ್ತಿ, ಕಪ್ಪು ಕಣ್ಣಿನ ನಾವು ಪುಣ್ಯವಂತರು, ನಮಗೆ ಚಿಂತೆ ಇಲ್ಲ. ಮೊದಲ ಮಾತು ನಿಜ. ಕೊನೆಯ ಮಾತು ತಪ್ಪು. ಅದನ್ನು ನಂಬಿ ಯಾರಾದರೂ ಕಣ್ಣಿನ ಪರೀಕ್ಷೆ ಮುಂದೂಡಿದರೆ ನಮ್ಮಿಬ್ಬರಿಗೂ ನಿದ್ದೆ ಬರುವುದಿಲ್ಲ, ಅಲ್ವಾ?

‘ಜಾಸ್ತಿ’ ಎಂಬ ಪದ ನಿಮ್ಮ ಆರು ಪುಟಗಳಲ್ಲಿ ಹನ್ನೊಂದು ಸಲ ಬಂದಿದೆ. ಒಂದು ಸಲವೂ ಪಕ್ಕದಲ್ಲಿ ಅಂಕಿ ಇಲ್ಲ. ಓದುಗರು ಹೆದರುವುದು ಅಲ್ಲೇ. ನೀವು ಹೇಳುತ್ತಿರುವುದು ಕಣ್ಣಿನೊಳಗೆ ಬರುವ ಮೆಲನೋಮಾ ಬಗ್ಗೆ, ಅಂದರೆ ಬಣ್ಣ ಕೊಡುವ ಕಣಗಳಲ್ಲಿ ಹುಟ್ಟುವ ಕ್ಯಾನ್ಸರ್ ಬಗ್ಗೆ. ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ಇದು ವರ್ಷಕ್ಕೆ 10 ಲಕ್ಷ ಜನರಲ್ಲಿ ಎಂಟಕ್ಕೂ ಸ್ವಲ್ಪ ಹೆಚ್ಚು ಮಂದಿಗೆ ಬರುತ್ತದೆ. ಸ್ಪೇನ್ ಮತ್ತು ದಕ್ಷಿಣ ಇಟಲಿಯಲ್ಲಿ ಇಬ್ಬರಿಗಿಂತ ಕಡಿಮೆ. ಆಫ್ರಿಕಾ, ಏಷ್ಯಾ ಮೂಲದವರಲ್ಲಿ ಇನ್ನೂ ಅಪರೂಪ. ಈ ಸಾಲುಗಳನ್ನು ಬರೆದುಬಿಡಿ, ಸಾಕು. ಎಂಟು ಮಂದಿ ಅಂದರೆ ಎಷ್ಟು ಕಡಿಮೆ ಎಂದು ಓದುಗರಿಗೇ ತಿಳಿಯುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಎರಡಕ್ಕೂ ಎಂಟಕ್ಕೂ ನಾಲ್ಕು ಪಟ್ಟು, ಹಾಗಾಗಿ ನೀಲಿ ಕಣ್ಣಿಂದ ಅಪಾಯ ನಾಲ್ಕು ಪಟ್ಟು ಅಂತ ಬರೆಯುವ ಆಸೆ ಆಗುತ್ತದೆ. ಬರೆಯಬೇಡಿ. ಅದು ದೇಶ ದೇಶಗಳ ನಡುವಿನ ಅಂತರ. ಅದರಲ್ಲಿ ಚರ್ಮದ ಬಣ್ಣವೂ ಸೇರಿದೆ, ಬೇರೆ ಕಾರಣಗಳೂ ಸೇರಿವೆ. ಕಣ್ಣಿನ ಬಣ್ಣವನ್ನಷ್ಟೇ ಹಿಡಿದು ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ 2006ರ ಲೆಕ್ಕದಲ್ಲಿ, ತಿಳಿ ಬಣ್ಣದ ಕಣ್ಣಿನವರಿಗೆ ಅಪಾಯ ಸುಮಾರು ಒಂದೂಮುಕ್ಕಾಲು ಪಟ್ಟು. ನಾಲ್ಕಕ್ಕೂ ಒಂದೂಮುಕ್ಕಾಲಕ್ಕೂ ನಡುವೆ ಇರುವ ಜಾಗವೇ ನಿಮ್ಮ ಲೇಖನದ ನಿಜವಾದ ವಿಷಯ. ಅಲ್ಲಿ ನಿಂತು ಬರೆಯಿರಿ.

ನೀಲಿ ಕಣ್ಣಿನಲ್ಲಿ ‘ನೀಲಿ ದ್ರವ್ಯ’ ಇದೆ ಎಂದಿದ್ದೀರಿ. ಅಂಥ ದ್ರವ್ಯವೇ ಇಲ್ಲ. ಐರಿಸ್‌ನ, ಅಂದರೆ ಪಾಪೆಯ ಸುತ್ತಲಿನ ಬಣ್ಣದ ಬಳೆಯ, ಮುಂದಿನ ಪದರದಲ್ಲಿ ಮೆಲನಿನ್ ಎಂಬ ಕಂದು-ಕಪ್ಪು ದ್ರವ್ಯ ಕಡಿಮೆ ಇದ್ದರೆ ಬೆಳಕು ಚದುರಿ ನೀಲಿ ಕಾಣುತ್ತದೆ. ಹಿಂದಿನ ಪದರ ನೀಲಿ ಕಣ್ಣಿನವರಲ್ಲೂ ಕಪ್ಪಾಗಿಯೇ ಇರುತ್ತದೆ. ಇದು ಎಷ್ಟು ಚೆಂದದ ಸಂಗತಿ! ಒಂದೇ ವಾಕ್ಯದಲ್ಲಿ ಮುಗಿಸಬೇಡಿ.

ನೀಲಿ ಕಣ್ಣಿನ ಜೀನ್ ಬಗೆಗಿನ 2008ರ ಕೋಪನ್‌ಹೇಗನ್ ಸಂಶೋಧನೆಯ ಭಾಗವನ್ನು ಚೆನ್ನಾಗಿ ಬರೆದಿದ್ದೀರಿ. ಎಚ್‌ಇಆರ್‌ಸಿ2 ಜೀನ್‌ನ ಒಂದು ಸಣ್ಣ ಬದಲಾವಣೆ ಮೆಲನಿನ್ ತಯಾರಿಗೆ ಬೇಕಾದ ಪಕ್ಕದ ಒಸಿಎ2 ಜೀನ್‌ನ ಕೆಲಸವನ್ನು ತಗ್ಗಿಸುವುದು ಸುಲಭವಾಗಿ ಅರ್ಥವಾಗುತ್ತದೆ. ಅದು ಹಾಗೇ ಇರಲಿ. ‘ಒಂದೇ ಜೀನ್‌ನ ಆಟ’ ಎಂಬ ಕೊನೆಯ ಸಾಲು ಮಾತ್ರ ತೆಗೆಯಿರಿ. 2021ರಲ್ಲಿ ಸುಮಾರು 1,95,000 ಜನರನ್ನು ನೋಡಿದ ಅಧ್ಯಯನವೊಂದು, ಕಣ್ಣಿನ ಬಣ್ಣಕ್ಕೆ ಸಂಬಂಧಿಸಿದ 50 ಹೊಸ ತಾಣಗಳನ್ನು ನಮ್ಮ ಡಿಎನ್‌ಎಯಲ್ಲಿ ಗುರುತಿಸಿದೆ.

ಬಣ್ಣ ಜೀವನಪೂರ್ತಿ ಬದಲಾಗದು ಎಂದದ್ದೂ ಸರಿಯಲ್ಲ. ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಕಾಯಿಲೆಗೆ ಹಾಕುವ ಲ್ಯಾಟಾನೊಪ್ರಾಸ್ಟ್ ಹನಿಯಿಂದ ಐರಿಸ್ ಕಪ್ಪೇರಬಹುದು. ಹಾಗೆ ಕಪ್ಪೇರಿದ್ದು ಸಾಮಾನ್ಯವಾಗಿ ಮತ್ತೆ ತಿಳಿಯಾಗುವುದಿಲ್ಲ.

ಈಗ ನಾಲ್ಕನೇ ಪುಟ. ನಿಮ್ಮ ಅಜ್ಜಿ ಪೊರೆ ಬಂದು, ಅಕ್ಕಿಯಲ್ಲಿ ಕಲ್ಲು ಕಾಣದೆ, ಬೆರಳಲ್ಲೇ ತಡವಿ ಆರಿಸುತ್ತಿದ್ದರು ಎಂದು ಬರೆದಿದ್ದೀರಿ. ಅದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಇಡೀ ಲೇಖನದಲ್ಲಿ ಇದೊಂದು ಕಡೆ ಕಣ್ಣಿನ ಕಾಯಿಲೆ ಒಬ್ಬ ಮನುಷ್ಯರಿಗೆ ಬಂದದ್ದು ಕಂಡಿತು. ಇದನ್ನು ಮೂರು ಸಾಲಲ್ಲಿ ಮುಗಿಸಿ ಮತ್ತೆ ಯುರೋಪಿಗೆ ಓಡಿದ್ದೇಕೆ? ಅಜ್ಜಿಯದು ಅಚ್ಚ ಕಂದು ಕಣ್ಣು ಎಂದು ನೀವೇ ಹೇಳಿದ್ದೀರಿ. ಆಸ್ಟ್ರೇಲಿಯಾದ ಸಿಡ್ನಿ ಹತ್ತಿರದ ಬ್ಲೂ ಮೌಂಟನ್ಸ್‌ನಲ್ಲಿ 1992ರಿಂದ 1994ರ ತನಕ 49 ವರ್ಷ ಮತ್ತು ಅದಕ್ಕೂ ಮೇಲ್ಪಟ್ಟ 3,654 ಜನರ ಕಣ್ಣು ಪರೀಕ್ಷಿಸಿದರು. ಅಲ್ಲಿ ಗಾಢ ಕಂದು ಕಣ್ಣಿನವರಲ್ಲಿ ಕೆಲವು ಬಗೆಯ ಪೊರೆ ಹೆಚ್ಚು ಕಂಡಿತು. ಅಂದರೆ ‘ನಾವು ಪುಣ್ಯವಂತರು’ ಎಂಬ ಮಾತಿಗೆ ನಿಮ್ಮ ಮನೆಯೊಳಗೇ ಉತ್ತರ ಇತ್ತು. ಹಾಗಂತ ಅಜ್ಜಿಯ ಪೊರೆಗೆ ಕಣ್ಣಿನ ಬಣ್ಣವೇ ಕಾರಣ ಎಂದು ಬರೆಯಬೇಡಿ. ವಯಸ್ಸು, ಸಕ್ಕರೆ ಕಾಯಿಲೆ, ಬಿಸಿಲು, ಹೊಗೆಸೊಪ್ಪು ಎಲ್ಲಕ್ಕೂ ಅದರಲ್ಲಿ ಪಾಲು ಇರಬಹುದು. ಆ ಅಧ್ಯಯನ ಹೇಳುವುದು ಒಂದು ಗುಂಪಿನ ಬಗ್ಗೆ, ಅಜ್ಜಿ ಒಬ್ಬರೇ.

ಕೊನೆಗೆ ಶೀರ್ಷಿಕೆ. ಇದನ್ನು ಬದಲಿಸಲೇಬೇಕು. ‘ಶಾಪ’ ಬೇಡ, ಇದು ಹೇಳಬೇಕಾಗಿಯೇ ಇಲ್ಲ. ‘ಬೆಕ್ಕಿನ ಕಣ್ಣು’ ಯಾಕೆ ಬೇಡ ಅಂದರೆ, ಮಗುವಿನ ಪಾಪೆಯೊಳಗೆ ಬಿಳಿ ಹೊಳಪು ಕಂಡಾಗಲೂ ಅಪ್ಪ ಅಮ್ಮ ಇದೇ ಮಾತು ಹೇಳುತ್ತಾರೆ. ಎಷ್ಟೋ ಸಲ ಅದು ಮೊದಲು ಕಾಣುವುದು ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ. ಅದು ಐರಿಸ್‌ನ ಬಣ್ಣ ಅಲ್ಲ. ರೆಟಿನೊಬ್ಲಾಸ್ಟೋಮಾ ಎಂಬ ಕ್ಯಾನ್ಸರ್‌ನ ಗುರುತು ಇರಬಹುದು. ಅದು ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ. ಬೇಗ ತೋರಿಸಿದರೆ ಜೀವ ಉಳಿಸಬಹುದು, ಎಷ್ಟೋ ಸಲ ದೃಷ್ಟಿಯನ್ನೂ. ಇದಕ್ಕೆ ಒಂದು ಪ್ಯಾರಾ ಕೊಡಿ, ತಡಮಾಡದೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದು ನೇರವಾಗಿ ಬರೆಯಿರಿ.

ಆರು ಪುಟ ನಾಲ್ಕಾಗಲಿ. ಅಜ್ಜಿಯ ಮೊರದಿಂದ ಶುರು ಮಾಡಿ. ಕಾಯುತ್ತಿರುತ್ತೇನೆ.

ಇತಿ,
ಸಂಪಾದಕಿ